ವೈಂಡಿಂಗ್ ಅಂಗಡಿಗೆ ಹೊರಟ ಮಗಳು

ಹಿಂದುಗಡೆ ಕಂಬದ ಹತ್ತಿರ ಕೂತಿರೋ ತಾಯಂದಿರಿಗೆ ಕೇಳಿಸ್ತಿದೆಯಾ? ಸರಿ. ಹಾಗಾದ್ರೆ ಒಂದು ಕಥೆ ಹೇಳ್ತೀನಿ.

ಒಂದು ಊರು. ಆ ಊರಲ್ಲಿ ಒಬ್ಬ ಶ್ರೀಮಂತ. ದೃಷ್ಟಾಂತದಲ್ಲಿ ಬರೋ ಶ್ರೀಮಂತನಿಗೆ ಸಾಮಾನ್ಯವಾಗಿ ಹೆಸರಿರೋದಿಲ್ಲ. ಆದ್ರೆ ನಾನು ಹೆಸರು ಹೇಳದೇ ಹೋದ್ರೆ ನೀವು ಸುಮ್ಮನಿರ್ತೀರಾ? 'ಇದು ನಮ್ಮ ಎದುರು ಮನೆಯವರದೇ ಕಥೆ' ಅಂತ ಮಾತಾಡ್ಕೊಂಡು ಹೋಗ್ತೀರಿ. ಅದಕ್ಕೇ ನಾನೇ ಒಂದು ಹೆಸರಿಡ್ತೀನಿ. ಮಹಾರುದ್ರಪ್ಪ. ಈ ಸಭೆಯಲ್ಲಿ ಆ ಹೆಸರಿನೋರು ಯಾರಾದ್ರೂ ಇದ್ರೆ ಬೇಜಾರು ಮಾಡ್ಕೋಬೇಡಿ, ಇದು ನಿಮ್ಮ ಕಥೆಯಲ್ಲ. ಅಥವಾ ಹೌದೋ ಏನೋ, ಕೊನೇಗೆ ನೀವೇ ಹೇಳಿ.

ಮಹಾರುದ್ರಪ್ಪನಿಗೆ ಪೇಟೆ ಬೀದಿಯಲ್ಲಿ ದೊಡ್ಡ ಜವಳಿ ಅಂಗಡಿ. ಸುತ್ತಲಿನ ಹಳ್ಳಿಗಳಲ್ಲಿ ಯಾರ ಮನೆ ಮದುವೆಯಾದ್ರೂ ಧಾರೆ ಸೀರೆ ಅಲ್ಲಿಂದಲೇ ಹೋಗಬೇಕು. ಹೆಂಡತಿ ಶಾಂಭವಿ, ಎಂ.ಎಸ್ಸಿ. ಓದಿದವಳು. ಒಬ್ಬಳೇ ಮಗಳು, ಇಂಚರ.

ಇಂಚರ ನಾಲ್ಕನೇ ಕ್ಲಾಸಲ್ಲಿದ್ದಾಗ ತೊಂದರೆ ಶುರುವಾಯ್ತು. ಹುಡುಗಿಗೆ 'ಯಾಕೆ' ಅನ್ನೋ ಚಟ. ಭಾಗಾಕಾರದಲ್ಲಿ ಸೊನ್ನೆಯಿಂದ ಭಾಗಿಸಬಾರದು ಅಂದ್ರೆ, ಯಾಕೆ? ಚಂದ್ರ ಕೆಳಗೆ ಬೀಳೋದಿಲ್ಲ ಅಂದ್ರೆ, ಯಾಕೆ? ಟೀಚರಮ್ಮನಿಗೂ ಕ್ಲಾಸಿನ ತುಂಬ ಮಕ್ಕಳು, ಮುಗಿಸಬೇಕಾದ ಪಾಠ. ಒಂದೆರಡು ಸಲ ಉತ್ತರ ಹೇಳಿದರು, ಆಮೇಲೆ ಬಾಗಿಲ ಹೊರಗೆ ನಿಲ್ಲಿಸಿದರು. ದಿನಾ ನಿಲ್ಲಿಸಿದರು. ಹುಡುಗಿ ಮನೆಗೆ ಬಂದು ಮಾತು ಬಿಟ್ಟಳು.

ಮಹಾರುದ್ರಪ್ಪನಿಗೆ ಸಿಟ್ಟು ಬಂತು. ಮಗಳು ಅಂದ್ರೆ ಜೀವ ಅವನಿಗೆ. 'ನನ್ನ ಮಗಳನ್ನ ನಾನೇ ಓದಿಸ್ಕೋತೀನಿ' ಅಂತ ಶಾಲೆ ಬಿಡಿಸೇಬಿಟ್ಟ. ಓದಿಸಿದ್ದು ಯಾರು? ಶಾಂಭವಿ. ಹೇಳ್ಕೊಂಡು ಓಡಾಡಿದ್ದು ಯಾರು? ಮಹಾರುದ್ರಪ್ಪ! ನಗಬೇಡಿ, ಎಲ್ಲ ಮನೆಯಲ್ಲೂ ಹೀಗೇ.

ಅಡುಗೆಮನೆ ಪಕ್ಕದ ಕೋಣೆಯೇ ಶಾಲೆಯಾಯ್ತು. ಮಗಳ ಮಾತು ಮರಳಿ ಬಂತು, ಯಾಕೆ ಅನ್ನೋದೂ ಬಂತು. ಹುಡುಗಿ ಸರಸರ ಓದಿದಳು. ಅಪ್ಪ ವರ್ತಕರ ಸಂಘದ ಸಭೆಗೆ ಹೋದ್ರೂ ಅದೇ ಮಾತು, ನೆಂಟರ ಮನೆ ನಾಮಕರಣಕ್ಕೆ ಹೋದ್ರೂ ಅದೇ ಮಾತು. 'ಮಕ್ಕಳಿಗೆ ಸ್ವಾತಂತ್ರ್ಯ ಕೊಡಿ. ಅವರ ದಾರಿ ಅವರೇ ಹುಡುಕ್ಕೊಳ್ಳಲಿ. ನನ್ನ ಮಗಳಿಗೆ ಒಂದೇ ಒಂದು ಷರತ್ತು ಹಾಕಿದ್ದೀನಿ, ಹನ್ನೆರಡನೇ ಕ್ಲಾಸು ಮುಗಿಸು. ಅಲ್ಲಿಂದಾಚೆ ನಿನ್ನಿಷ್ಟ.' ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದ ಮಾತು ನಾಲಿಗೆಗೆ ರುಚಿ ಹತ್ತುತ್ತೆ, ನೋಡಿ. ಮತ್ತೆ ಮತ್ತೆ ಹೇಳಿದ.

ಹೀಗಿರುವಾಗ ಒಂದು ಬೇಸಿಗೆಯಲ್ಲಿ, ಸಂಪಿನಿಂದ ಮೇಲಕ್ಕೆ ನೀರೆತ್ತೋ ಮೋಟರು ಸುಟ್ಟುಹೋಯ್ತು. ಡ್ರೈವರು ಅದನ್ನ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ರಿಪೇರಿಗೆ ಹೊರಟಾಗ ಇಂಚರ ತಾನೂ ಹತ್ತಿ ಕೂತಳು. ಬಸ್‌ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಒಂದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಮೋಟರಿನ ಒಳಗಿನ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತೋ ಕೆಲಸ. ಅಂಗಡಿ ನಡೆಸೋಳು ಜೈಬುನ್ನಿಸಾ, ಊರವರ ಬಾಯಲ್ಲಿ ಜೈಬಕ್ಕ. ಅಪ್ಪನಿಂದ ಕಲಿತ ಕಸುಬು. ಮಾತು ಖಾರ. ಗಿರಾಕಿ ಚೌಕಾಸಿ ಮಾಡಿದ್ರೆ 'ಹಂಗಿದ್ರೆ ಕೊಡಪಾನದಲ್ಲಿ ಹೊತ್ಕೊಳ್ಳಿ' ಅನ್ನೋಳು.

ಡ್ರೈವರು ಮೋಟರಿಟ್ಟು ಟೀ ಕುಡಿಯೋಕೆ ಹೋದ. ಇಂಚರ ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ಕೂತವಳು ಏಳಲಿಲ್ಲ. ಯಾಕೆ ಇಷ್ಟೇ ಸುತ್ತು? ಯಾಕೆ ಮಧ್ಯೆ ಪೇಪರ್ ಇಡ್ತೀರಿ? ಯಾಕೆ ಇದು ಸುಟ್ಟಿತು, ಅದು ಸುಡಲಿಲ್ಲ? ಜೈಬಕ್ಕ ಕೆಲವಕ್ಕೆ ಉತ್ತರ ಹೇಳಿದಳು, ಕೆಲವಕ್ಕೆ 'ಸುಮ್ನೆ ಕೂರೇ, ಸುತ್ತು ತಪ್ಪುತ್ತೆ' ಅಂತ ಬೈದಳು. ಮನೆಗೆ ಬಂದ ಹುಡುಗಿ ಅಮ್ಮನ ಹತ್ತಿರ, 'ಅಮ್ಮಾ, ಭೌತಶಾಸ್ತ್ರದ ಪುಸ್ತಕದಲ್ಲಿರೋ ಕಾಯಿಲ್ ಅಲ್ಲಿ ನಿಜವಾಗ್ಲೂ ಇದೆ' ಅಂದಳು.

ಆಮೇಲೆ ವಾರ ವಾರ ಹೋದಳು. ಶಾಂಭವಿಗೆ ಗೊತ್ತಿತ್ತು, ಪಾಠದ ಜೊತೆಗೆ ಅದೂ ಇರಲಿ ಅಂತ ಕಳಿಸ್ತಿದ್ದಳು. ಮಹಾರುದ್ರಪ್ಪನಿಗೂ ಹೇಳಿದ್ದಳು. ಅವನು ಹ್ಞೂಂ ಅಂದಿದ್ದ. ಫೋನ್ ನೋಡ್ತಾ ಹ್ಞೂಂ ಅನ್ನೋದು ಗೊತ್ತಲ್ಲ? ಆ ಹ್ಞೂಂ.

ಹುಡುಗಿ ಓದಿನಲ್ಲಿ ಇನ್ನೂ ಚುರುಕಾದಳು. ಮನೆಯಲ್ಲೇ ಓದಿ ಬರೆಯೋ ಓಪನ್ ಸ್ಕೂಲ್ ಪರೀಕ್ಷೆಗೆ ಕಟ್ಟಿ, ಓರಗೆಯವರು ಇನ್ನೂ ಮೊದಲ ಪಿಯುಸಿಯಲ್ಲಿರುವಾಗಲೇ ಹನ್ನೆರಡನೇದನ್ನ ಮುಗಿಸಿಬಿಟ್ಟಳು. ಒಳ್ಳೇ ಅಂಕ. ಮಹಾರುದ್ರಪ್ಪನ ಕಾಲು ನೆಲದ ಮೇಲಿಲ್ಲ. ಭಾನುವಾರ ಹೋಳಿಗೆ ಊಟ ಹಾಕಿಸಿ ನೆಂಟರಿಷ್ಟರನ್ನೆಲ್ಲ ಕರೆದ. ಊಟವಾಯ್ತು. ಎಲ್ಲರೂ ಹಾಲಲ್ಲಿ ಕೂತು ಎಲೆ ಅಡಿಕೆ ಹಾಕ್ಕೊಳ್ತಿರುವಾಗ ಮಗಳನ್ನ ಮುಂದೆ ನಿಲ್ಲಿಸಿದ.

'ಹೇಳವ್ವಾ ಎಲ್ಲರಿಗೂ, ಮುಂದೇನು? ನಿನ್ನಿಷ್ಟ. ಇವರೆಲ್ಲ ಸಾಕ್ಷಿ.'

ಇಂಚರ ಹೇಳಿದಳು: 'ಜೈಬಕ್ಕನ ಅಂಗಡಿಗೆ ಸೇರ್ತೀನಪ್ಪ. ವೈಂಡಿಂಗ್ ಕಲೀತೀನಿ. ಮುಂದಿನ ವರ್ಷ ಐಟಿಐ ಮಾಡ್ತೀನಿ.'

ಎಲ್ಲರೂ ನಕ್ಕರು. ತಮಾಷೆ ಅಂದ್ಕೊಂಡರು. ಹುಡುಗಿ ನಗಲಿಲ್ಲ. ಆಗ ಒಬ್ಬೊಬ್ಬರದೇ ನಗು ನಿಂತಿತು.

ಶಾಂಭವಿಯ ಅಣ್ಣ ಪಂಚಾಕ್ಷರಿ ಗಂಟಲು ಸರಿಮಾಡ್ಕೊಂಡ. 'ಅಂದ್ರೆ, ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಅಂತ ತಾನೇ, ಪುಟ್ಟಾ?'

'ಅಲ್ಲ ಮಾವ. ಮೋಟರ್ ವೈಂಡಿಂಗ್.'

'ಅದು ಕೂಲಿ ಕೆಲಸ ಅಲ್ವೇನೇ?'

'ಅಲ್ಲ ಮಾವ, ಕಸುಬು.'

ಮಹಾರುದ್ರಪ್ಪ ಏನ್ಮಾಡಿದ? ಬಾಯಲ್ಲಿದ್ದ ಎಲೆ ಅಗಿಯೋದನ್ನ ಮರೆತು ಕೂತ. ಸಿಟ್ಟು ಮಾಡೋಣ ಅಂದ್ರೆ ಮಗಳು ಮಾಡಿದ್ದೇನು ತಪ್ಪು? ಇವನು ಹೇಳಿದ್ದನ್ನೇ ಮಾಡಿದ್ದಾಳೆ, ಇವನು ಹೇಳಿದ್ದಕ್ಕಿಂತ ಬೇಗ ಮಾಡಿದ್ದಾಳೆ. ಸಂತೋಷಪಡೋಣ ಅಂದ್ರೆ ನೆಂಟರೆಲ್ಲ ಇವನ ಮುಖವನ್ನೇ ನೋಡ್ತಿದ್ದಾರೆ. ನೋಡಿ, ಕೆಟ್ಟ ಮಕ್ಕಳು ತರೋ ಸಂಕಟಕ್ಕೆ ಊರಲ್ಲಿ ನೂರು ಜನ ಸಮಾಧಾನ ಹೇಳ್ತಾರೆ. ಒಳ್ಳೇ ಮಗಳು ತಂದ ಸಂಕಟವನ್ನ ಯಾರ ಹತ್ತಿರ ಹೇಳ್ಕೊಳ್ಳೋದು?

ನೆಂಟರೆಲ್ಲ ಹೋದ ಮೇಲೆ ಹೆಂಡತಿಯನ್ನ ಕೇಳಿದ: 'ಶಾಂಭವಿ, ನಾವೆಲ್ಲಿ ತಪ್ಪಿದ್ವಿ?'

'ತಪ್ಪಿದ್ವಿ ಅಂತ ಯಾರಂದ್ರು?'

'ಹಾಗಾದ್ರೆ ನಿನಗೆ ಒಪ್ಪಿಗೆನಾ?'

ಶಾಂಭವಿ ಮಡಚುತ್ತಿದ್ದ ಜಮಖಾನೆಯನ್ನ ಅಲ್ಲೇ ಬಿಟ್ಟು ಕೂತಳು. 'ಗೊತ್ತಿಲ್ಲ ಕಣ್ರೀ. ಅವಳು ಇಂಜಿನಿಯರ್ ಆಗ್ತಾಳೆ ಅಂತ ನಾನೂ ಅಂದ್ಕೊಂಡಿದ್ದೆ. ಒಂದೊಂದು ಸಲ ಒಳ್ಳೇದೇ ಆಯ್ತು ಅನ್ಸುತ್ತೆ. ಒಂದೊಂದು ಸಲ ಅಳು ಬರುತ್ತೆ.'

ಮಹಾರುದ್ರಪ್ಪ ಹೆಂಡತಿ ಹತ್ತಿರ ಗಟ್ಟಿ ಮಾತು ಸಿಗುತ್ತೆ ಅಂತ ಹೋಗಿದ್ದ. ಅಲ್ಲೂ ಇವನಷ್ಟೇ ಗಲಿಬಿಲಿ.

ಮಾರನೇ ದಿನ ಒಂದು ಉಪಾಯ ಹೊಳೀತು. ವ್ಯಾಪಾರಿ ತಲೆ ಅಲ್ವಾ? ಮಗಳನ್ನ ಕರೆದು, 'ನಾನೇ ದೊಡ್ಡದೊಂದು ವರ್ಕ್‌ಶಾಪ್ ಹಾಕಿಸಿಕೊಡ್ತೀನಿ. ಕೆಲಸದೋರನ್ನ ಇಟ್ಕೋ. ನೀನು ಎ.ಸಿ. ರೂಮಲ್ಲಿ ಕೂತು ನೋಡ್ಕೋ' ಅಂದ.

'ಏನು ನೋಡ್ಕೊಳ್ಳೋದಪ್ಪ? ನನಗೇ ಕೆಲಸ ಬರೋದಿಲ್ವಲ್ಲ.'

ಆ ಉಪಾಯ ಅಲ್ಲಿಗೇ ನಿಂತಿತು. ಆಮೇಲೆ ನೇರವಾಗಿ ಜೈಬಕ್ಕನ ಅಂಗಡಿಗೇ ಹೋದ. ಜವಳಿ ಅಂಗಡಿ ಸಾಹುಕಾರ ಆ ಗಲ್ಲಿಗೆ ಕಾಲಿಟ್ಟಿದ್ದು ಅದೇ ಮೊದಲು. ನೆಲದ ತುಂಬ ಕರಕಲು ತಂತಿ, ಮೂಗಿಗೆ ವಾರ್ನಿಷ್ ವಾಸನೆ. ಎಲ್ಲಿ ನಿಲ್ಲಬೇಕು ಅಂತ ತಿಳೀದೆ ಬಾಗಿಲಲ್ಲೇ ನಿಂತ.

'ಜೈಬಕ್ಕಾ, ನನ್ನ ಮಗಳು ಬಂದ್ರೆ ಬೇಡ ಅಂದುಬಿಡಿ.'

ಜೈಬಕ್ಕ ಕೈಯ ಕೆಲಸ ನಿಲ್ಲಿಸಲಿಲ್ಲ. 'ಸಾಹುಕಾರ್ರೇ, ನೀವು ಹೇಳೋಕ್ಕಿಂತ ಮುಂಚೆನೇ ಅಂದಿದ್ದೀನಿ. ದೊಡ್ಡೋರ ಮಕ್ಕಳು, ನಾಲ್ಕು ದಿನದ ಆಸೆ, ಕೈ ಕುಯ್ದುಕೊಂಡ್ರೆ ನನ್ನ ಮೇಲೆ ಬರುತ್ತೆ ಅಂತ. ಸುಟ್ಟ ತಂತಿ ಕೀಳೋ ಕೆಲಸ ಕೊಟ್ಟೆ, ಓಡಿಹೋಗ್ಲಿ ಅಂತಾನೇ. ಕಿತ್ತು, ಗುಡಿಸಿ, ಇನ್ನೇನು ಮಾಡಲಿ ಅಂತ ಬಂದ್ಳು.' ಆಮೇಲೆ ತಲೆ ಎತ್ತಿದಳು. 'ನನ್ನ ಸ್ವಂತ ಮಗಳು ಈ ಕೆಲಸ ಬೇಡಮ್ಮ, ಬಿ.ಕಾಂ. ಓದ್ತೀನಿ ಅಂದ್ಳು. ಓದು ಅಂದೆ, ಖುಷೀನೂ ಪಟ್ಟೆ. ಈಗ ನಿಮ್ಮ ಮಗಳು ಇದೇ ಬೇಕು ಅಂತಾಳೆ. ನನ್ನ ಮಗಳು ಬೇಡ ಅಂದಿದ್ದನ್ನ ನಿಮ್ಮ ಮಗಳಿಗೆ ಒಳ್ಳೇದು ಅಂತ ಹೇಗೆ ಹೇಳಲಿ? ಕೆಟ್ಟದ್ದು ಅಂತಾನೂ ಹೇಗೆ ಹೇಳಲಿ, ನಾನು ಇದರಲ್ಲೇ ಬದುಕಿರೋಳು? ನನ್ನನ್ನ ಕೇಳಬೇಡಿ, ಹೋಗಿ.'

ಮಹಾರುದ್ರಪ್ಪ ಹೊರಗೆ ಬಂದು ಕಾರಲ್ಲಿ ಕೂತ. ಡ್ರೈವರು 'ಎಲ್ಲಿಗೆ ಸಾರ್?' ಅಂದ. ಎಲ್ಲಿಗೆ ಅಂತ ಹೇಳೋಕೆ ಆಗಲಿಲ್ಲ.

ನಮಗೂ ಹೀಗಾಗುತ್ತೆ. ಆಗ ನಾವೇನು ಮಾಡ್ತೀವಿ? ತಿಳೀದೇ ಇದ್ದಾಗ ತಡೆದು ನಿಲ್ಲೋ ತಾಳ್ಮೆ ನಮಗಿಲ್ಲ. ಊರು ಏನು ಮಾಡುತ್ತೋ ಅದನ್ನ ಮಾಡಿಬಿಡ್ತೀವಿ. ಮಹಾರುದ್ರಪ್ಪನೂ ಅದನ್ನೇ ಮಾಡಿದ. ಪಂಚಾಕ್ಷರಿಗೆ ಫೋನ್ ಹಚ್ಚಿ, ಅವನ ಪರಿಚಯದವರ ಇಂಜಿನಿಯರಿಂಗ್ ಕಾಲೇಜಲ್ಲಿ ಒಂದು ಸೀಟು ಹಿಡಿಸಿದ. ಸಂಜೆ ಮಗಳಿಗೆ ಹೇಳಿದ. ಕೂಗಾಡ್ತಾಳೆ, ವಾದ ಮಾಡ್ತಾಳೆ, ಯಾಕೆ ಅಂತ ಕೇಳ್ತಾಳೆ ಅಂತ ಸಿದ್ಧವಾಗಿ ನಿಂತಿದ್ದ. ಎಲ್ಲಾ ಯಾಕೆಗಳಿಗೂ ಉತ್ತರ ಜೋಡಿಸಿಟ್ಟುಕೊಂಡಿದ್ದ.

ಇಂಚರ, 'ಆಯ್ತಪ್ಪ' ಅಂದಳು.

ಅಷ್ಟೇ. ಆಯ್ತಪ್ಪ.

ಅಪ್ಪನಿಗೆ ಗೆದ್ದ ಹಾಗೆ ಅನಿಸಬೇಕಿತ್ತಲ್ವಾ? ಅನಿಸಲಿಲ್ಲ. ಹುಟ್ಟಿದಾಗಿನಿಂದ ಆ ಮಗು ಇವನು ಹೇಳಿದ ಯಾವ ಮಾತಿಗೂ ಹಾಗೆ ಬರೀ ಆಯ್ತು ಅಂದದ್ದಿಲ್ಲ. ಬೆಳಿಗ್ಗೆ ಎದ್ದಳು, ತಿಂಡಿ ತಿಂದಳು, ಕರೆದಲ್ಲಿಗೆ ಬಂದಳು, ಕೊಟ್ಟ ಚೂಡಿದಾರ ಹಾಕ್ಕೊಂಡಳು. ಮುಖ ಊದಿಸಿಕೊಳ್ಳಲಿಲ್ಲ. 'ಸಿಟ್ಟಾ?' ಅಂದ್ರೆ 'ಇಲ್ಲಪ್ಪ' ಅಂದಳು. ಇವನಿಗೆ ಬೇಕಾಗಿದ್ದೂ ಅದೇ, ಸಿಕ್ಕಿದ್ದೂ ಅದೇ. ಮತ್ತೆ ಯಾಕೆ ಊಟ ಸೇರ್ತಿಲ್ಲ? ಅಂಗಡಿಯಲ್ಲಿ ಗಿರಾಕಿ ಹಸಿರು ಸೀರೆ ಕೇಳಿದ್ರೆ ನೀಲಿ ತೆಗೆದಿಟ್ಟ. ಯಾಕೆ? ತಿಳೀಲಿಲ್ಲ.

ಕಾಲೇಜಿಗೆ ಸೇರಿಸೋ ದಿನ ಬಂತು. ಅಪ್ಪ, ಮಗಳು ಇಬ್ಬರೇ ಹೋದರು. ಕಿಟಕಿಯ ಹಿಂದೆ ಕೂತ ಗುಮಾಸ್ತ ತಲೆ ಎತ್ತದೇ ಕೇಳಿದ:

'ಯಾವ ಬ್ರಾಂಚಮ್ಮ?'

'ಅಪ್ಪನ್ನ ಕೇಳಿ.'

'ಹಾಸ್ಟೆಲ್ ಬೇಕಾ?'

'ಅಪ್ಪನ್ನ ಕೇಳಿ.'

ಗುಮಾಸ್ತ ತಲೆ ಎತ್ತಿದ. 'ಯಾಕಮ್ಮಾ, ಓದೋಳು ನೀನಲ್ವಾ?'

ಅವಳು ಸೊಕ್ಕಿನಿಂದ ಹೇಳ್ತಿರಲಿಲ್ಲ. ಕೊಂಕೂ ಇರಲಿಲ್ಲ. ಪಕ್ಕದಲ್ಲಿದ್ದ ಅಪ್ಪನ ಮುಖ ನೋಡಿ ಮೆಲ್ಲಗೆ, 'ನನಗೆ ಗೊತ್ತಿಲ್ಲ ಸಾರ್, ಅಪ್ಪನ್ನ ಕೇಳಿ' ಅಂದಳು. ಗುಮಾಸ್ತ ಮಹಾರುದ್ರಪ್ಪನ ಕಡೆ ತಿರುಗಿದ. 'ಹೇಳಿ ಸಾರ್.'

ಮಹಾರುದ್ರಪ್ಪ ಬಾಯಿ ತೆಗೆದ. ಬ್ರಾಂಚಿನ ಹೆಸರು ಗೊತ್ತಿತ್ತು, ಪಂಚಾಕ್ಷರಿ ಹೇಳಿಕೊಟ್ಟಿದ್ದ. ಆದ್ರೂ ಹೊರಗೆ ಬರಲಿಲ್ಲ. ಹಿಂದೆ ನಿಂತವರು ಗೊಣಗತೊಡಗಿದರು. 'ಒಂದ್ನಿಮಿಷ ಬಂದೆ' ಅಂತ ಮಗಳ ತೋಳು ಹಿಡಿದು ಆಚೆ ಬಂದ. ಕ್ಯಾಂಟೀನಿನ ಮುಂದೆ ಕಲ್ಲುಬೆಂಚಿತ್ತು. ಟೀ ತಗೊಂಡು ಕೂತರು.

ಆಮೇಲೆ ಅಪ್ಪ ಕೇಳಿದ: 'ಇಂಚೂ, ಆ ಅಂಗಡಿಯಲ್ಲಿ ಅಂಥಾದ್ದೇನಿದೆ?'

ನೋಡಿ, ಇಷ್ಟೆಲ್ಲ ಆಗಿತ್ತಲ್ಲ, ಊಟ ಆಗಿತ್ತು, ನೆಂಟರ ಪಂಚಾಯ್ತಿ ಆಗಿತ್ತು, ಜೈಬಕ್ಕನ ಹತ್ತಿರ ಹೋಗಿದ್ದೂ ಆಗಿತ್ತು. ಈ ಒಂದು ಪ್ರಶ್ನೆಯನ್ನ ಮಗಳಿಗೆ ಯಾರೂ ಕೇಳಿರಲಿಲ್ಲ. ಯಾರೂ!

ಹುಡುಗಿ ಮೊದಲು ಅನುಮಾನದಿಂದ ನೋಡಿದಳು. ಆಮೇಲೆ ಶುರು ಮಾಡಿದಳು. 'ಅಪ್ಪಾ, ಮೋಟರ್ ಬರುವಾಗ ಸತ್ತಿರುತ್ತೆ. ಒಳಗೆಲ್ಲ ಕರಿ. ಅದನ್ನ ತಂದೋರ ಮನೇಲಿ ನೀರಿರಲ್ಲ, ಇಲ್ಲಾ ಗಿರಣಿ ನಿಂತಿರುತ್ತೆ, ಬೈಕೊಂಡೇ ಬರ್ತಾರೆ. ಸುಟ್ಟಿದ್ದನ್ನ ಕಿತ್ತು, ಕ್ಲೀನ್ ಮಾಡಿ, ಒಂದೊಂದೇ ಸಂದಿನೊಳಗೆ ಹೊಸ ತಂತಿ ಕೂರಿಸಬೇಕು. ಒಂದು ಕಡೆ ಚೂರು ತರಚಿದ್ರೂ ಅಷ್ಟೂ ಹಾಳು. ದಾರದಲ್ಲಿ ಕಟ್ಟಿ, ವಾರ್ನಿಷ್ ಕುಡಿಸಿ, ಒಣಗಿಸಿ, ಆಮೇಲೆ ಕರೆಂಟ್ ಕೊಡ್ತಾರೆ. ಆಗ ಜೈಬಕ್ಕನೂ ಉಸಿರು ಬಿಡಲ್ಲ, ಗೊತ್ತಾ? ಅಷ್ಟು ವರ್ಷ ಮಾಡಿದ್ರೂ ಬಿಡಲ್ಲ. ಅದು ಹ್ಞೂಂ ಅಂತ ತಿರುಗುತ್ತಲ್ಲ, ಆಗ ನನಗೆ...' ಅಂತ ನಿಲ್ಲಿಸಿದಳು. ಎರಡು ಕೈಗಳನ್ನೂ ಎದೆಯ ಮುಂದೆ ಹಿಡಿದು ಗುಂಡಗೆ ತಿರುಗಿಸಿ ತೋರಿಸಿದಳು.

ಮಹಾರುದ್ರಪ್ಪನಿಗೆ ಅರ್ಧ ಅರ್ಥವಾಯ್ತು, ಅರ್ಧ ಆಗಲಿಲ್ಲ. 'ನಾಳೆ ಬೇಜಾರಾದ್ರೆ?'

'ಆಗಬಹುದಪ್ಪ. ಗೊತ್ತಿಲ್ಲ.'

'ಮದುವೆ ಮಾತು ಬಂದಾಗ ಜನ ಏನಂತಾರೆ?'

'ಗೊತ್ತಿಲ್ಲ.'

'ಮುಂದೆ ಓದಬೇಕಿತ್ತು ಅನ್ಸಿದ್ರೆ?'

'ಆಗ ಓದ್ತೀನಿ. ಬೇಗ ಮುಗಿಸಿದ್ದೀನಲ್ಲ, ಟೈಮಿದೆ.'

'ನಿನಗೆ ಏನಾದ್ರೂ ಗೊತ್ತಾ, ಹಾಗಾದ್ರೆ?' ಅಂತ ರೇಗಿದ ಅಪ್ಪ.

'ನಿಮಗೆ ಗೊತ್ತಾ ಅಪ್ಪಾ?' ಅಂದಳು ಮಗಳು.

ಗೊತ್ತಿರಲಿಲ್ಲ. ಅಂಥ ದೊಡ್ಡ ವ್ಯಾಪಾರಿ, ಯಾವ ಬಣ್ಣ ಯಾವ ಹಬ್ಬಕ್ಕೆ ಓಡುತ್ತೆ ಅಂತ ಆರು ತಿಂಗಳ ಮುಂಚೆ ಹೇಳೋನು. ಇದು ಗೊತ್ತಿರಲಿಲ್ಲ. ಮಗಳು ಇಂಜಿನಿಯರಾದ್ರೆ ಸುಖವಾಗಿರ್ತಾಳಾ? ಗೊತ್ತಿಲ್ಲ. ತಂತಿ ಸುತ್ತಿದ್ರೆ ಕೆಡ್ತಾಳಾ? ಗೊತ್ತಿಲ್ಲ. ಇಷ್ಟು ದಿನ ಗೊತ್ತಿರೋನ ಹಾಗೆ ಓಡಾಡಿದ್ದೆಲ್ಲ ಬರೀ ಓಡಾಟ ಅಂತ ಆ ಕಲ್ಲುಬೆಂಚಿನ ಮೇಲೆ ಅವನಿಗನಿಸಿತು. ಆದ್ರೆ ಒಂದು ಮಾತ್ರ ಕಣ್ಣಿಗೆ ಕಂಡಿತು. 'ಅಪ್ಪನ್ನ ಕೇಳಿ' ಅಂತ ನಿಂತ ಹುಡುಗಿ ಒಬ್ಬಳು, ಈಗ ಕೈಯಾಡಿಸಿ ಮಾತಾಡ್ತಿರೋ ಹುಡುಗಿ ಇನ್ನೊಬ್ಬಳು. ಇವರಲ್ಲಿ ತನ್ನ ಮಗಳು ಯಾರು ಅಂತ ಗುರುತು ಹಿಡಿಯೋಕೆ ಎಂ.ಎಸ್ಸಿ. ಬೇಕಾಗಿರಲಿಲ್ಲ.

ಕಿಟಕಿಯ ಹತ್ತಿರ ವಾಪಸ್ ಹೋಗಲಿಲ್ಲ. ಮನೆಗೆ ಬಂದರು.

ಅವಳು ಜೈಬಕ್ಕನ ಅಂಗಡಿಗೆ ಸೇರಿದಳಾ? ಸೇರಿದಳು. ಮುಂದೆ ಎಲ್ಲಾ ಸುಸೂತ್ರವಾಯ್ತಾ? ಎಲ್ಲಿಂದ! ಮೊದಲ ಮಳೆಗಾಲದಲ್ಲಿ ಒಬ್ಬಳೇ ಪೂರ್ತಿ ಸುತ್ತಿದ ಮೋಟರಿಗೆ ಕರೆಂಟ್ ಕೊಟ್ಟ ಕೂಡಲೇ ಬುಸ್ಸಂತ ಹೊಗೆ ಬಂತು. ಜೈಬಕ್ಕ ಗಿರಾಕಿಗಳ ಮುಂದೆಯೇ ಬೈದಳು, ಬೀದಿಗೆಲ್ಲ ಕೇಳೋ ಹಾಗೆ ಬೈದಳು. ಅದೇ ಹೊತ್ತಿಗೆ ಮಹಾರುದ್ರಪ್ಪ ಏನೋ ನೆಪ ಮಾಡ್ಕೊಂಡು ಆ ಗಲ್ಲಿಗೆ ಬಂದಿದ್ದ. ಎದುರಿನ ಸೈಕಲ್ ಅಂಗಡಿ ಹತ್ತಿರ ನಿಂತು ಎಲ್ಲಾ ಕೇಳಿಸ್ಕೊಂಡ. ಒಳಗೆ ನುಗ್ಗಿ ಮಗಳನ್ನ ಎಳ್ಕೊಂಡು ಬರಲಾ? ಶಾಲೆಯಿಂದ ಬಿಡಿಸಿದ್ದು ಇಂಥದ್ದಕ್ಕೇ ಅಲ್ವಾ? ಒಂದು ಹೆಜ್ಜೆ ಮುಂದಿಟ್ಟ. ಆಗ ಮಗಳ ದನಿ ಕೇಳಿಸಿತು. ಅಳ್ತಿರಲಿಲ್ಲ. 'ಯಾಕೆ ಸುಟ್ಟಿತು ಜೈಬಕ್ಕಾ, ತೋರಿಸಿ' ಅಂತಿದ್ದಳು. ಜೈಬಕ್ಕ ಬೈತಾ ಬೈತಾನೇ ತೋರಿಸ್ತಿದ್ದಳು.

ಅವನು ಇಟ್ಟ ಹೆಜ್ಜೆ ಹಿಂದಕ್ಕೆ ತಗೊಂಡ. ರಾತ್ರಿ ಊಟಕ್ಕೆ ಕೂತಾಗ ಮಗಳು ಆ ಮಾತೆತ್ತಲಿಲ್ಲ. ಇವನೂ ಎತ್ತಲಿಲ್ಲ. ಅವತ್ತಿನ ಅನ್ನ ನುಂಗಿದಷ್ಟು ಕಷ್ಟ ಬೇರೆ ಯಾವತ್ತೂ ಆಗಿರಲಿಲ್ಲ ಅವನಿಗೆ.

ಈಗಲೂ ಮದುವೆ ಮನೆಗಳಲ್ಲಿ ಯಾರಾದ್ರೂ ಕೇಳ್ತಾರೆ, 'ಮಗಳು ಏನ್ಮಾಡ್ತಿದ್ದಾಳೆ?' ಇವನು, 'ಮೋಟರ್ ವೈಂಡಿಂಗ್ ಕೆಲಸ ಮಾಡ್ತಾಳೆ' ಅಂತಾನೆ. ಮುಂದೆ ಭಾಷಣ ಇಲ್ಲ. ಕೇಳಿದವರು 'ಓ, ಹೌದಾ' ಅಂತ ಬೇರೆ ಮಾತಿಗೆ ಹೊರಳ್ತಾರೆ. ಆ 'ಓ, ಹೌದಾ' ಇವನಿಗೆ ಇನ್ನೂ ಚುಚ್ಚುತ್ತೆ. ಗೊಂದಲ ಪೂರ್ತಿ ಹೋಯ್ತು ಅಂತ ನಾನು ಹೇಳಿದ್ರೆ ಅದು ಸುಳ್ಳಾಗುತ್ತೆ. ಹೋಗಿಲ್ಲ.

ಈಗ ನಿಮ್ಮ ಕಡೆ ಬರ್ತೀನಿ.

ಕಾಯಕ, ಕಾಯಕ ಅಂತ ಈ ವೇದಿಕೆಯಿಂದ ನಾವು ಹೇಳ್ತೀವಿ, ನೀವು ತಲೆದೂಗ್ತೀರಿ. ಯಾರ ಮಕ್ಕಳ ಕಾಯಕಕ್ಕೆ ತಲೆದೂಗ್ತೀರಿ? ಬೇರೆಯವರ ಮಕ್ಕಳದಕ್ಕೆ! ನಿಮ್ಮ ಮನೆ ಕೂಸು ಕೈಗೆ ಸ್ಪ್ಯಾನರ್ ತಗೊಂಡ್ರೆ ಎದೆ ಬಡ್ಕೋತೀರಿ. ಹೌದೋ ಅಲ್ವೋ? ಹಾಗಂತ ನಾಳೆಯಿಂದ ಮಕ್ಕಳನ್ನ ಶಾಲೆ ಬಿಡಿಸಿ ಅಂಗಡಿಗೆ ಕಳಿಸಿ ಅಂತಲ್ಲ. ಹುಷಾರು! ಆ ಹುಡುಗಿ ಓದು ತಪ್ಪಿಸ್ಕೊಂಡು ಹೋದವಳಲ್ಲ, ಓದು ಮುಗಿಸಿ ಹೋದವಳು. ನಿಮ್ಮ ಮಗ ಡಾಕ್ಟರ್ ಆಗ್ತೀನಿ ಅಂದ್ರೂ ನಾನು ಹೇಳೋದು ಇದೇ ಮಾತು.

ಏನದು? ಉತ್ತರ ಜೇಬಲ್ಲಿಟ್ಟುಕೊಂಡು ಮಕ್ಕಳಿಗೆ ಪ್ರಶ್ನೆ ಕೇಳಬೇಡಿ. 'ನಿನ್ನಿಷ್ಟ ಕಣಪ್ಪ' ಅಂತೀರಿ, ನಿಮ್ಮಿಷ್ಟ ಬರೋವರೆಗೂ ಮತ್ತೆ ಮತ್ತೆ ಕೇಳ್ತೀರಿ. ಅದು ಕೇಳೋದಲ್ಲ. ನೆಂಟರ ಮುಂದೆ ನಿಲ್ಲಿಸಿ 'ಏನಾಗ್ತೀಯ ಹೇಳು' ಅನ್ನೋದನ್ನ ಇವತ್ತಿಗೆ ನಿಲ್ಲಿಸಿ. ಮಗು ಬಾಯಿ ಬಿಟ್ಟು ಏನಾದ್ರೂ ಹೇಳಿದಾಗ ಅದಕ್ಕೆ ಬೇರೆ ಹೆಸರಿಡಬೇಡಿ, ಆ ಮಾವ ವೈಂಡಿಂಗನ್ನ ಇಂಜಿನಿಯರಿಂಗ್ ಮಾಡೋಕೆ ನೋಡಿದನಲ್ಲ, ಹಾಗೆ. ಫೋನ್ ಕೆಳಗಿಡಿ. 'ಅದರಲ್ಲಿ ನಿನಗೆ ಅಂಥಾದ್ದೇನು ಕಂಡಿತು?' ಅಂತ ಕೇಳಿ. ಕೇಳಿ ಸುಮ್ಮನಿರಿ. ಸುಮ್ಮನಿರೋದು ಕಷ್ಟ, ತಾಯಂದಿರೇ, ಅಣ್ಣಂದಿರೇ. ಇದು ಸರಿಯೋ ತಪ್ಪೋ ಅಂತ ತಿಳಿಯೋದಿಲ್ಲ. ತಿಳಿಯದಿದ್ರೆ ಬೇಡ. 'ನನಗೂ ಗೊತ್ತಿಲ್ಲ ಮಗಾ' ಅಂತ ಒಂದು ಸಲ ಬಾಯಿಬಿಟ್ಟು ಹೇಳಿ ನೋಡಿ. ಅಪ್ಪ ಅನ್ನೋ ಮರ್ಯಾದೆ ಎಲ್ಲಿಗೂ ಹೋಗೋದಿಲ್ಲ. ನಿಮ್ಮ ಮಗು ಎಲ್ಲದಕ್ಕೂ ಆಯ್ತಪ್ಪ, ಆಯ್ತಮ್ಮ ಅಂತಿದ್ರೆ ಸಂತೋಷಪಡೋ ಮುಂಚೆ ಅದರ ಮುಖ ನೋಡಿ.

ಸಾಕು. ಮಂಗಳಾರತಿ ತಗೊಂಡು ಹೊರಡಿ. ಊಟಕ್ಕೆ ಕೂತಾಗ ಒಂದೇ ಒಂದು ಪ್ರಶ್ನೆ ಕೇಳಿ, ಆಮೇಲೆ ತಟ್ಟೆಯಲ್ಲಿರೋ ಅನ್ನ ಮುಗಿಯೋವರೆಗೂ ಬಾಯಿ ತೆಗೀಬೇಡಿ. ಮಕ್ಕಳು ಮಾತಾಡಲಿ.